ಅಂಕ ಬಂದಿದೆ, ಸ್ಕಾಲರ್‌ಶಿಪ್‌ಗೆ ಹೆಸರು ಕಳಿಸೋದು ಯಾರು?

ಪ್ರಶ್ನೆ: ನನ್ನ ಮಗಳು ಈ ಸಲ ದ್ವಿತೀಯ ಪಿಯುಸಿ ಕಾಮರ್ಸ್‌ನಲ್ಲಿ 600ಕ್ಕೆ 546 ತೆಗೆದಿದ್ದಾಳೆ. ಬಿ.ಕಾಂ. ಸೇರಿದ್ದಾಳೆ. ಮನೆಯವರದು ಸೈಕಲ್ ರಿಪೇರಿ ಅಂಗಡಿ, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಕೇಂದ್ರ ಸರ್ಕಾರದ ಮೆರಿಟ್ ಸ್ಕಾಲರ್‌ಶಿಪ್‌ಗೆ ಒಳ್ಳೆ ಅಂಕ ಬಂದವರ ಹೆಸರು ತಾನಾಗೇ ಹೋಗುತ್ತದೆ ಅಂತ ಒಬ್ಬರು ಹೇಳುತ್ತಾರೆ. ಕಾಲೇಜಿನವರು ಕಳಿಸಬೇಕು ಅಂತ ಇನ್ನೊಬ್ಬರು. ಹೋದ ವರ್ಷ ಸೈನ್ಸ್‌ನಲ್ಲಿ 555 ತೆಗೆದ ಪಕ್ಕದ ಮನೆ ಹುಡುಗನಿಗೇ ಸಿಗಲಿಲ್ಲ, ಇವಳಿಗೆ ಸಿಗುತ್ತದಾ? ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲೂ ಅರ್ಜಿ ಹಾಕಿದ್ದೇವೆ, ಅದರಿಂದ ತೊಂದರೆಯಾ? ಇನ್ನೊಂದು ವಿಷಯ. ಒಂದು ಖಾಸಗಿ ಟ್ರಸ್ಟ್ ಇವಳ ಕಾಲೇಜಿನಿಂದ ಇಬ್ಬರ ಹೆಸರು ಕೇಳಿದೆಯಂತೆ. ‘ನನ್ನ ಹೆಸರು ಹಾಕಿ ಅಂತ ನಾನೇ ಹೇಗಮ್ಮ ಕೇಳೋದು’ ಅಂತಾಳೆ ಮಗಳು.

ಉತ್ತರ: ಮೊದಲು ಅವಳಿಗೆ ನನ್ನ ಶಹಬ್ಬಾಸ್ ಹೇಳಿ. 546 ಸುಮ್ನೆ ಬರುವ ಅಂಕ ಅಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿದವಳು. ಪಾಠದ ಜೊತೆಗೆ ಸ್ಕಾಲರ್‌ಶಿಪ್ ನೋಡಲ್ ಆಫೀಸರ್ ಕೆಲಸವನ್ನೂ, ಅಂದರೆ ಕಾಲೇಜಿನ ಪರವಾಗಿ ಮಕ್ಕಳ ಅರ್ಜಿ ಪರಿಶೀಲಿಸುವ ಕೆಲಸವನ್ನೂ, ಹಲವು ವರ್ಷ ಮಾಡಿದ್ದೇನೆ. ಅಂಕ ಸಾಲದೆ ಸ್ಕಾಲರ್‌ಶಿಪ್ ತಪ್ಪಿಸಿಕೊಂಡವರನ್ನು ಕಂಡಿದ್ದೇನೆ. ಅಂಕ ಇದ್ದೂ ತಪ್ಪಿಸಿಕೊಂಡವರನ್ನು ಅದಕ್ಕಿಂತ ಜಾಸ್ತಿ ಕಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೆಸರು ತಾನಾಗೇ ಹೋಗುವುದಿಲ್ಲ. ಕಾಲೇಜೂ ತಾನಾಗಿ ಕಳಿಸುವುದಿಲ್ಲ. ಅರ್ಜಿಯನ್ನು ನಿಮ್ಮ ಮಗಳೇ ಹಾಕಬೇಕು. ಈ ಗೊಂದಲ ಯಾಕೆ ಹುಟ್ಟಿತು ಅಂದರೆ, ಇದರಲ್ಲಿ ಬೋರ್ಡಿಗೂ ಕೆಲಸ ಇದೆ, ಕಾಲೇಜಿಗೂ ಕೆಲಸ ಇದೆ. ಯಾರು ಪಾಸಾದರು, ಯಾರು ಎಷ್ಟು ಅಂಕ ತೆಗೆದರು, ಅರ್ಹತೆಯ ಗೆರೆ ಎಷ್ಟು ಅಂಕಕ್ಕೆ ಬೀಳುತ್ತದೆ ಅನ್ನುವುದು ಬೋರ್ಡಿನ ಲೆಕ್ಕ. ಈ ಹುಡುಗಿ ನಿಜವಾಗಿ ನಮ್ಮಲ್ಲಿ ಓದುತ್ತಿದ್ದಾಳೆ ಅಂತ ಒಪ್ಪಿಗೆ ಹಾಕುವುದು ಕಾಲೇಜು. ಇವೆರಡರ ನಡುವೆ ಅವಳ ಅರ್ಜಿ ಇಲ್ಲದಿದ್ದರೆ ಲೆಕ್ಕಕ್ಕೂ ಒಪ್ಪಿಗೆಗೂ ಅರ್ಥವೇ ಇಲ್ಲ. ಗೆರೆಯ ಮೇಲಿರುವ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕದೆ ಸುಮ್ಮನಿರುತ್ತಾರೆ, ಎಲ್ಲರೂ ‘ತಾನಾಗೇ ಬರುತ್ತೆ’ ಅಂದಿದ್ದನ್ನು ನಂಬಿಕೊಂಡು.

ನೀವು ಕೇಳಿದ ಯೋಜನೆಗೆ ಈಗಿನ ಹೆಸರು ಪಿಎಂ-ಯುಎಸ್‌ಪಿ. ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೇಂದ್ರೀಯ ವಿದ್ಯಾರ್ಥಿವೇತನ ಅಂತ ಮೊದಲಿನಿಂದ ಕರೆಯುತ್ತಿದ್ದದ್ದು ಇದನ್ನೇ. ದೇಶದಾದ್ಯಂತ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಇದೆ. ಅದರಲ್ಲಿ ಅರ್ಧ, ಅಂದರೆ 41,000, ಹುಡುಗಿಯರಿಗೇ ಮೀಸಲು. ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಮುಂದೆ ಎಂ.ಕಾಂ.ನಂಥ ಸ್ನಾತಕೋತ್ತರಕ್ಕೆ ಹೋದರೆ ವರ್ಷಕ್ಕೆ 20,000. ಅಂದರೆ ಮಗಳು ನಡುವೆ ತಪ್ಪಿಸಿಕೊಳ್ಳದೆ ಐದು ವರ್ಷ ಓದಿದರೆ ಒಟ್ಟು 76,000 ರೂಪಾಯಿ ಆಗುತ್ತದೆ. ಬಸ್ ಪಾಸು, ಪುಸ್ತಕ, ಪರೀಕ್ಷೆ ಶುಲ್ಕ ಅಂತ ತಿಂಗಳು ತಿಂಗಳು ಲೆಕ್ಕ ಹಾಕುವ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಈಗ ಅರ್ಹತೆ. ಎಲ್ಲರೂ ತಪ್ಪು ತಿಳಿಯುವುದು ಇಲ್ಲಿಯೇ. ನಿಯಮದಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು ಅಂತ ಇದೆ. ಇದನ್ನು ಓದಿ ‘ಶೇಕಡಾ 80 ಬಂದರೆ ಸಾಕು’ ಅಂದುಕೊಳ್ಳುತ್ತಾರೆ. ಹಾಗಲ್ಲ. ಪರ್ಸೆಂಟೈಲ್ ಅಂದರೆ ಸಾಲಿನಲ್ಲಿ ನೀವು ನಿಂತ ಜಾಗ. ನಮ್ಮ ಬೋರ್ಡಿನಲ್ಲಿ ಕಾಮರ್ಸ್ ಪಾಸಾದವರನ್ನೆಲ್ಲ ಅಂಕದ ಪ್ರಕಾರ ಒಂದು ಸಾಲಿನಲ್ಲಿ ನಿಲ್ಲಿಸಿ ಅಂದುಕೊಳ್ಳಿ. ಪ್ರತಿ 100 ಜನರಲ್ಲಿ 80 ಜನ ನಿಮ್ಮ ಮಗಳ ಹಿಂದೆ ಇರಬೇಕು. ಆ ಗೆರೆ ಒಂದು ವರ್ಷ 500 ಅಂಕದ ಹತ್ತಿರ ಬೀಳಬಹುದು, ಇನ್ನೊಂದು ವರ್ಷ ಮೇಲೆ ಹೋಗಬಹುದು. ಪರೀಕ್ಷೆ ಸುಲಭ ಇದ್ದ ವರ್ಷ ಎಲ್ಲರ ಅಂಕವೂ ಏರುತ್ತದೆ, ಗೆರೆಯೂ ಏರುತ್ತದೆ. ಹಾಗಾಗಿ ಹೋದ ವರ್ಷದ ಅಂಕ ಹಿಡಿದುಕೊಂಡು ಈ ವರ್ಷದ ಲೆಕ್ಕ ಹಾಕಬೇಡಿ.

ಕಾಮರ್ಸಿನವರನ್ನು ಕಾಮರ್ಸಿನವರ ಜೊತೆ ಮಾತ್ರ ಹೋಲಿಸುತ್ತಾರೆ. ಸೈನ್ಸ್ ಸಾಲೇ ಬೇರೆ, ಆರ್ಟ್ಸ್ ಸಾಲೇ ಬೇರೆ. ಪಕ್ಕದ ಮನೆ ಹುಡುಗ ನಿಂತದ್ದು ಸೈನ್ಸ್ ಸಾಲಿನಲ್ಲಿ, ಅದೂ ಹುಡುಗರ ಪಾಲಿನಲ್ಲಿ. ನಿಮ್ಮ ಮಗಳು ನಿಲ್ಲುವುದು ಕಾಮರ್ಸ್ ಸಾಲಿನಲ್ಲಿ, ಹುಡುಗಿಯರ ಪಾಲಿನಲ್ಲಿ. ಅವನ 555ಕ್ಕೂ ಇವಳ 546ಕ್ಕೂ ಸಂಬಂಧವೇ ಇಲ್ಲ. ಅವನಿಗೆ ತಪ್ಪಿದ್ದು ಅಂಕದಿಂದಲೋ ಕಾಗದಪತ್ರದಿಂದಲೋ, ಅದನ್ನು ಅವನ ಅರ್ಜಿ ನೋಡಿಯೇ ಹೇಳಬೇಕು. ಅದನ್ನು ನೋಡಿ ನೀವು ಎದೆಗುಂದಬೇಡಿ.

ಗೆರೆ ದಾಟಿದವರಿಗೆಲ್ಲ ಸಿಗುತ್ತದೆ ಅಂತಲೂ ಅಲ್ಲ. ಪ್ರತಿ ರಾಜ್ಯಕ್ಕೂ ಇಷ್ಟು ಅಂತ ಪಾಲು ಇದೆ. ಆ ರಾಜ್ಯದಲ್ಲಿ 18ರಿಂದ 25 ವರ್ಷದವರು ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಪಾಲು ಹಂಚುತ್ತಾರೆ. ಸಿಬಿಎಸ್‌ಇ, ಐಸಿಎಸ್‌ಇ ಬೋರ್ಡುಗಳ ಪಾಲು ಮೊದಲೇ ತೆಗೆದಿಡುತ್ತಾರೆ. ಉಳಿದದ್ದನ್ನು ಸೈನ್ಸ್, ಕಾಮರ್ಸ್, ಆರ್ಟ್ಸ್‌ಗೆ 3:2:1ರಂತೆ ಭಾಗ ಮಾಡುತ್ತಾರೆ. ಇದರೊಳಗೆ ಎಸ್‌ಸಿಗೆ ಶೇ. 15, ಎಸ್‌ಟಿಗೆ ಶೇ. 7.5, ಒಬಿಸಿಗೆ ಶೇ. 27 ಮೀಸಲಾತಿ. ಅಂಗವಿಕಲ ಮಕ್ಕಳಿಗೆ ಪ್ರತಿ ವರ್ಗದಲ್ಲೂ ಶೇ. 5. ಆಮೇಲೆ ಅಂಕದ ಕ್ರಮದಲ್ಲಿ ಜಾಗ ತುಂಬುತ್ತಾ ಬರುತ್ತಾರೆ. 80ನೇ ಪರ್ಸೆಂಟೈಲ್ ಅಂದರೆ ಒಳಗೆ ಹೋಗುವ ಬಾಗಿಲು ಅಷ್ಟೇ. ಒಳಗೆ ಕುರ್ಚಿ ಸಿಗುವುದು ಆ ವರ್ಷ ಎಷ್ಟು ಜನ ಬಂದಿದ್ದಾರೆ ಅನ್ನುವುದರ ಮೇಲೆ. ನಿಮ್ಮ ಮಗಳು ಖಂಡಿತ ಪ್ರಯತ್ನ ಮಾಡಬೇಕಾದ ಜಾಗದಲ್ಲಿ ಇದ್ದಾಳೆ ಅಂತ ಧೈರ್ಯವಾಗಿ ಹೇಳುತ್ತೇನೆ. ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡುವುದಿಲ್ಲ.

ಉಳಿದ ನಿಯಮಗಳು ಸರಳ. ಮನೆಯ ಒಟ್ಟು ಆದಾಯ ವರ್ಷಕ್ಕೆ 4.5 ಲಕ್ಷ ರೂಪಾಯಿ ದಾಟಬಾರದು. ಅಂಗಡಿಯ ಆದಾಯ, ನಿಮ್ಮ ಹೊಲಿಗೆಯ ಆದಾಯ ಎರಡೂ ಇದರಲ್ಲಿ ಸೇರಬೇಕು. ಮಾನ್ಯತೆ ಇರುವ ಕಾಲೇಜಿನಲ್ಲಿ ರೆಗ್ಯುಲರ್ ಡಿಗ್ರಿ ಓದುತ್ತಿರಬೇಕು. ಅಂಚೆ ಶಿಕ್ಷಣಕ್ಕೆ, ದೂರಶಿಕ್ಷಣಕ್ಕೆ, ಡಿಪ್ಲೊಮಾಗೆ ಇಲ್ಲ. ಬೇರೆ ಯಾವ ಸ್ಕಾಲರ್‌ಶಿಪ್ಪಿನ ದುಡ್ಡನ್ನೂ ತೆಗೆದುಕೊಳ್ಳುತ್ತಿರಬಾರದು.

ನಿಮ್ಮ ಎಸ್‌ಎಸ್‌ಪಿ ಪ್ರಶ್ನೆ ಬರುವುದು ಈ ಕೊನೆಯ ನಿಯಮದಲ್ಲೇ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಶುಲ್ಕ ಮರುಪಾವತಿ ಎಲ್ಲವೂ ‘ಬೇರೆ ಸ್ಕಾಲರ್‌ಶಿಪ್’ ಅಂತಲೇ ಲೆಕ್ಕ. ಎರಡೂ ಕಡೆ ಅರ್ಜಿ ಹಾಕಿದ್ದು ತಪ್ಪಲ್ಲ, ಯಾವುದು ಸಿಗುತ್ತದೆ ಅಂತ ಮೊದಲೇ ಯಾರಿಗೆ ಗೊತ್ತಿರುತ್ತದೆ? ಎರಡರ ದುಡ್ಡನ್ನೂ ಇಟ್ಟುಕೊಳ್ಳುವುದು ತಪ್ಪು. ಆಮೇಲೆ ವಾಪಸ್ ಕಟ್ಟಿ ಅಂತ ಕೇಳಿದರೆ ಖರ್ಚಾದ ದುಡ್ಡನ್ನು ಹೊಂದಿಸುವುದು ಕಷ್ಟ. ಎರಡೂ ಮಂಜೂರಾದರೆ ಕೂತು ಲೆಕ್ಕ ಹಾಕಿ. ಎಸ್‌ಎಸ್‌ಪಿಯಲ್ಲಿ ಎಷ್ಟು ಬರುತ್ತದೆ, ಎಷ್ಟು ವರ್ಷ ಬರುತ್ತದೆ ನೋಡಿ, ಯಾವುದು ಜಾಸ್ತಿಯೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಬೇಡ ಅಂತ ಕಾಲೇಜಿಗೆ ಲಿಖಿತವಾಗಿ ಕೊಡಿ. ಕೊಟ್ಟ ಪತ್ರದ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಮನೆಯಲ್ಲಿ ಇಡಿ.

ಅರ್ಜಿ ಹಾಕುವುದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಮೊದಲು ಅಲ್ಲಿ ಒಂದು ಸಲದ ನೋಂದಣಿ ಮಾಡಿಕೊಳ್ಳಬೇಕು, ಅದನ್ನು ಎಲ್ಲರೂ ಓಟಿಆರ್ ಅನ್ನುತ್ತಾರೆ. ಆಗ ಸಿಗುವ ನಂಬರ್ ಅವಳ ಓದು ಮುಗಿಯುವವರೆಗೂ ಬೇಕಾಗುತ್ತದೆ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೂ ಮೊಬೈಲ್ ನಂಬರ್ ಮಾತ್ರ ನಿಮ್ಮದೇ ಕೊಡಿ. ಅಂಗಡಿಯವರ ನಂಬರ್ ಕೊಟ್ಟು, ಮುಂದಿನ ವರ್ಷ ಓಟಿಪಿಗಾಗಿ ಆ ಅಂಗಡಿ ಹುಡುಕಿಕೊಂಡು ಹೋದ ಮಕ್ಕಳು ನನಗೆ ಗೊತ್ತು. ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕ ಇಲ್ಲ. ‘ಹಣ ಕೊಟ್ಟರೆ ಮಂಜೂರು ಮಾಡಿಸುತ್ತೇವೆ’ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಅಂಕಪಟ್ಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬೇಕಿದ್ದರೆ ಜಾತಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್. ಇವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ವಿದ್ಯಾರ್ಥಿನಿ ಒಬ್ಬಳಿಗೆ ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಅರ್ಜಿ ‘ಡಿಫೆಕ್ಟ್’ ಅಂತ ವಾಪಸ್ ಬಂತು. ಹಾಗೆ ವಾಪಸ್ ಬಂದದ್ದನ್ನು ಸರಿಮಾಡಿ ಮತ್ತೆ ಕಳಿಸಬಹುದು, ಅದು ತಿರಸ್ಕಾರ ಅಲ್ಲ. ಆದರೆ ಅವಳು ಪೋರ್ಟಲ್ ತೆಗೆದು ನೋಡಲೇ ಇಲ್ಲ, ಹೇಳುವವರೂ ಇರಲಿಲ್ಲ. ನೋಡುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಆ ಹುಡುಗಿ ನನ್ನ ಮುಂದೆ ನಿಂತು ‘ಪರವಾಗಿಲ್ಲ ಮೇಡಂ’ ಅಂದಳು. ಪರವಾಗಿತ್ತು. ಅವತ್ತಿನಿಂದ ನಾನು ವಾರಕ್ಕೊಮ್ಮೆ ಡಿಫೆಕ್ಟ್ ಆದವರ ಪಟ್ಟಿ ತೆಗೆದು ತರಗತಿಗೇ ಹೋಗಿ ಹೆಸರು ಕೂಗುತ್ತಿದ್ದೆ. ನಿಮ್ಮ ಕಾಲೇಜಿನಲ್ಲಿ ಹಾಗೆ ಮಾಡುತ್ತಾರೋ ಇಲ್ಲವೋ, ನಿಮ್ಮ ಮಗಳು ವಾರಕ್ಕೊಮ್ಮೆ ತನ್ನ ಅರ್ಜಿ ಎಲ್ಲಿಗೆ ಬಂತು ಅಂತ ತಾನೇ ನೋಡಲಿ.

ಅರ್ಜಿ ಮೊದಲು ಕಾಲೇಜಿನ ನೋಡಲ್ ಆಫೀಸರ್ ಹತ್ತಿರ ಹೋಗುತ್ತದೆ. ಅವರು ಪರಿಶೀಲಿಸಿ ಒಪ್ಪಿದ ಮೇಲೆ ಬೋರ್ಡಿನ ಮಟ್ಟದ ಪರಿಶೀಲನೆ. ಕಾಲೇಜಿನ ಹಂತದಲ್ಲಿ ಒಪ್ಪಿಗೆ ಬೀಳದೆ ಕೊನೆಯ ದಿನ ದಾಟಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ, 546 ಇದ್ದರೂ ಅಷ್ಟೇ. ವಿದ್ಯಾರ್ಥಿಗೆ ಅರ್ಜಿ ಹಾಕಲು ಒಂದು ಕೊನೆಯ ದಿನ, ಕಾಲೇಜಿಗೆ ಪರಿಶೀಲಿಸಲು ಇನ್ನೊಂದು ಕೊನೆಯ ದಿನ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಅರ್ಜಿ ಹಾಕಿದ ಮೇಲೆ ಮೂಲ ದಾಖಲೆಗಳ ಜೊತೆ ಅವಳು ಒಂದು ಸಲ ಆಫೀಸಿಗೆ ಹೋಗಿ ‘ಸರ್, ನನ್ನ ಅರ್ಜಿ ವೆರಿಫೈ ಆಯಿತಾ’ ಅಂತ ಕೇಳಲಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೂರಾರು ಅರ್ಜಿ ನೋಡುವವರಿಗೆ ಅದು ಸಹಾಯವೇ.

ಬ್ಯಾಂಕಿನ ವಿಷಯ ಎರಡೇ ಮಾತು. ಖಾತೆ ಮಗಳ ಹೆಸರಿನಲ್ಲಿ ಇರಬೇಕು, ಚಾಲ್ತಿಯಲ್ಲಿ ಇರಬೇಕು. ಖಾತೆಗೆ ಆಧಾರ್ ಪ್ರತಿ ಕೊಟ್ಟಿದ್ದರೆ ಸಾಲದು. ಸರ್ಕಾರದ ದುಡ್ಡು ನೇರವಾಗಿ ಬೀಳಬೇಕಾದರೆ ಆಧಾರ್ ಸೀಡಿಂಗ್, ಅಂದರೆ ದುಡ್ಡು ಬರಲೆಂದು ಆಧಾರ್ ನಂಬರನ್ನು ಆ ಖಾತೆಗೆ ಜೋಡಿಸುವುದು, ಆಗಿರಬೇಕು, ಅದು ಬೇರೆ ಫಾರಂ. ಸೀಡಿಂಗ್ ಯಾವ ಬ್ಯಾಂಕಿಗೆ ಕೊನೆಗೆ ಆಗಿದೆಯೋ ದುಡ್ಡು ಅಲ್ಲಿಗೆ ಹೋಗುತ್ತದೆ.

ಒಂದು ಸಲ ಮಂಜೂರಾದರೆ ಮುಗಿಯಿತು ಅಂತಲ್ಲ. ಪ್ರತಿ ವರ್ಷ ನವೀಕರಣ ಮಾಡಿಸಬೇಕು. ವಾರ್ಷಿಕ ಫಲಿತಾಂಶದಲ್ಲಿ ಕನಿಷ್ಠ ಶೇ. 50 ಅಂಕ, ಶೇ. 75 ಹಾಜರಿ ಬೇಕು. ರ‍್ಯಾಗಿಂಗ್‌ನಂಥ ದೂರು ಇರಬಾರದು. ಅಂಕದ ಬಗ್ಗೆ ನಿಮ್ಮ ಮಗಳಿಗೆ ಚಿಂತೆ ಇಲ್ಲ. ಹಾಜರಿ ಬಗ್ಗೆ ಎಚ್ಚರ ಇರಲಿ. ಅಂಗಡಿಯ ಕೆಲಸ, ಹೊಲಿಗೆಯ ಕೆಲಸ ಅಂತ ಒಂದೊಂದೇ ದಿನ ನಿಲ್ಲಿಸಿಕೊಂಡರೆ ವರ್ಷದ ಕೊನೆಗೆ ಲೆಕ್ಕ ತಪ್ಪುತ್ತದೆ. ಇದನ್ನು ಅಮ್ಮನಾದ ನಿಮಗೇ ಹೇಳುತ್ತಿದ್ದೇನೆ.

ಈ ಪ್ರಶ್ನೆ ಓದುವ ಸೈನ್ಸ್ ಮಕ್ಕಳ ತಂದೆತಾಯಿಗೂ ಒಂದು ಮಾತು ಸೇರಿಸುತ್ತೇನೆ. ಬೋರ್ಡಿನಲ್ಲಿ ಮೇಲಿನ ಶೇ. 1ರೊಳಗೆ ಬಂದು, ಎಂಜಿನಿಯರಿಂಗ್, ಮೆಡಿಕಲ್‌ಗೆ ಹೋಗದೆ ಬಿ.ಎಸ್ಸಿ.ಯಂಥ ಮೂಲ ವಿಜ್ಞಾನ ಸೇರಿದವರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆಯಲ್ಲಿ ಮಾಡುವ ಸಂಶೋಧನಾ ಪ್ರಾಜೆಕ್ಟಿಗೆ. ಅಷ್ಟು ಅಂಕ ತೆಗೆದೂ ಇದರ ಹೆಸರೇ ಕೇಳದ ಮಕ್ಕಳನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಟ್ರಸ್ಟಿನ ವಿಷಯ. ಇದು ಪೂರಾ ಬೇರೆ ಥರ. ಪೋರ್ಟಲ್‌ನಲ್ಲಿ ಸಾಲು ಅಂಕದ್ದು. ಇಲ್ಲಿ ಅಂಕ ನೋಡಿ ಹತ್ತು ಜನ ಉಳಿದರೆ, ಆ ಹತ್ತರಲ್ಲಿ ಇಬ್ಬರನ್ನು ಆರಿಸುವುದು ಕಾಲೇಜಿನ ಮೇಷ್ಟ್ರುಗಳು. ಅವರು ಆರಿಸುವುದು ತಮಗೆ ಗೊತ್ತಿರುವವರಲ್ಲಿ. ಇದರಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಗೊತ್ತಿಲ್ಲದವರ ಹೆಸರು ಯಾರ ತಲೆಗೂ ಬರುವುದಿಲ್ಲ.

ನಾನೇ ಅದನ್ನು ಮಾಡಿದ್ದೇನೆ. ಒಂದು ವರ್ಷ ಹೀಗೇ ಒಂದು ಸಂಸ್ಥೆ ನಮ್ಮಲ್ಲಿ ಇಬ್ಬರ ಹೆಸರು ಕೇಳಿತು. ಮೂರು ದಿನ ಟೈಮ್ ಇತ್ತು. ಬಂದು ಕೇಳಿದ ಮಕ್ಕಳಲ್ಲಿ ಚೆನ್ನಾಗಿ ಓದುವ ಇಬ್ಬರ ಹೆಸರು ಬರೆದು ಕಳಿಸಿದೆ. ಅವರೂ ಅರ್ಹರೇ. ಆದರೆ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಅವರಿಗಿಂತ ಜಾಸ್ತಿ ಅಂಕದ ಒಬ್ಬಳಿದ್ದಳು. ಬೆಳಿಗ್ಗೆ ಹಾಲು ಹಾಕಿ ಕಾಲೇಜಿಗೆ ಬರುತ್ತಿದ್ದಳು. ಅದು ನನಗೆ ಗೊತ್ತಾದದ್ದು ಪಟ್ಟಿ ಹೋದ ಮೇಲೆ. ಯಾಕಮ್ಮ ಕೇಳಲಿಲ್ಲ ಅಂದರೆ, ‘ಕೇಳಿದರೆ ಭಿಕ್ಷೆ ಕೇಳಿದ ಹಾಗೆ ಆಗುತ್ತೆ ಅಂತ ಸುಮ್ಮನಿದ್ದೆ ಮೇಡಂ’ ಅಂದಳು. ನಿಮ್ಮ ಮಗಳ ಮಾತು ಓದಿದಾಗ ನನಗೆ ಅವಳೇ ನೆನಪಾದಳು.

ಮಗಳಿಗೆ ಹೀಗೆ ಹೇಳಿ. ನಾಮನಿರ್ದೇಶನ ಕೇಳುವುದು ದುಡ್ಡು ಕೇಳುವುದಲ್ಲ. ‘ನಾನೂ ಈ ಲೆಕ್ಕದಲ್ಲಿ ಇದ್ದೇನೆ, ನನ್ನನ್ನೂ ನೋಡಿ’ ಅಂತ ತಿಳಿಸುವುದು. ‘ನನ್ನ ಹೆಸರು ಹಾಕಿ’ ಅನ್ನಬೇಕಾಗಿಯೇ ಇಲ್ಲ. ‘ಮೇಡಂ, ಟ್ರಸ್ಟಿನ ಸ್ಕಾಲರ್‌ಶಿಪ್‌ಗೆ ಏನು ಅರ್ಹತೆ ಕೇಳಿದ್ದಾರೆ? ನನಗೆ ಪಿಯುಸಿಯಲ್ಲಿ 546 ಬಂದಿದೆ. ನಾನು ಹೊಂದುತ್ತೀನಾ ಅಂತ ನೋಡುತ್ತೀರಾ?’ ಅಷ್ಟು ಸಾಕು. ಇದರಲ್ಲಿ ತಲೆ ತಗ್ಗಿಸುವಂಥದ್ದು ಏನಾದರೂ ಇದೆಯಾ, ನೀವೇ ಹೇಳಿ.

ಕೇಳಲು ಹೋಗುವಾಗ ಕೈಯಲ್ಲಿ ಒಂದೇ ಹಾಳೆ ಇರಲಿ. ಹೆಸರು, ತರಗತಿ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕ, ಮನೆಯ ಆದಾಯ, ಮನೆಯಲ್ಲಿ ಓದುತ್ತಿರುವವರು ಎಷ್ಟು ಜನ, ಮುಂದೆ ಏನು ಓದಬೇಕು ಅಂತ ಇದೆ, ಇಷ್ಟು. ಇದರ ಕೆಳಗೆ ಅವಳು ನಿಜವಾಗಿ ಮಾಡುವ ಒಂದೆರಡು ಕೆಲಸ. ಮೇಷ್ಟ್ರು ಶಿಫಾರಸು ಪತ್ರ ಬರೆಯುವಾಗ ಬೇಕಾಗುವುದು ಈ ಕೊನೆಯ ಭಾಗವೇ. ‘ಶಿಸ್ತಿನ ವಿದ್ಯಾರ್ಥಿನಿ, ಒಳ್ಳೆಯ ನಡತೆ, ಉಜ್ವಲ ಭವಿಷ್ಯ ಕೋರುತ್ತೇನೆ’ ಅಂತ ಎಲ್ಲರ ಪತ್ರದಲ್ಲೂ ಇರುತ್ತದೆ. ಓದುವವರು ಇಂಥ ನೂರು ಪತ್ರ ಓದಿರುತ್ತಾರೆ, ಒಂದೂ ನೆನಪಿರುವುದಿಲ್ಲ. ನಿಮ್ಮ ಮಗಳು ನಿಮ್ಮ ಹೊಲಿಗೆಯ ಲೆಕ್ಕ ಬರೆಯುತ್ತಾಳಾ? ಅಂಗಡಿಯಲ್ಲಿ ಬಿಡಿ ಸಾಮಾನು ಎಷ್ಟು ಬಂತು, ಎಷ್ಟು ಉಳಿಯಿತು ಅಂತ ನೋಡಿಕೊಳ್ಳುತ್ತಾಳಾ? ಹಾಗಿದ್ದರೆ ಅದನ್ನೇ ಬರೆಯಲಿ. ಕಾಮರ್ಸ್ ಓದುವ ಹುಡುಗಿ ಮನೆಯ ಲೆಕ್ಕದ ಪುಸ್ತಕ ಇಡುತ್ತಾಳೆ ಅನ್ನುವ ಒಂದು ಸಾಲು ಹತ್ತು ವಿಶೇಷಣಗಳಿಗಿಂತ ಗಟ್ಟಿ. ಇಲ್ಲದ್ದನ್ನು ಬರೆಯುವುದು ಬೇಡ. ಸಂದರ್ಶನ ಇದ್ದರೆ ಮೊದಲ ಪ್ರಶ್ನೆಯಲ್ಲೇ ಗೊತ್ತಾಗಿಬಿಡುತ್ತದೆ.

ಅವಳು ಈಗಷ್ಟೇ ಡಿಗ್ರಿಗೆ ಸೇರಿದ್ದಾಳೆ. ಹೊಸ ಕಾಲೇಜಿನ ಮೇಷ್ಟ್ರುಗಳಿಗೆ ಅವಳ ಮುಖವೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಎರಡು ವರ್ಷ ಪಾಠ ಮಾಡಿದ ಪಿಯು ಕಾಲೇಜಿನ ಅಕೌಂಟೆನ್ಸಿ ಉಪನ್ಯಾಸಕರ ಹತ್ತಿರ ಒಂದು ಪತ್ರ ಬರೆಸಿಕೊಂಡು, ಅದನ್ನು ಈಗಿನ ಕಾಲೇಜಿಗೆ ಕೊಡಲಿ. ಹೆಸರು ಕಳಿಸುವುದು ಈಗಿನ ಕಾಲೇಜೇ ಆದರೂ ಅವಳನ್ನು ಬಲ್ಲವರ ಮಾತು ಅವರಿಗೆ ಆಧಾರವಾಗುತ್ತದೆ. ಪತ್ರಕ್ಕೆ ಆದಷ್ಟು ಟೈಮ್ ಕೊಡಲಿ, ಹಿಂದಿನ ದಿನ ಸಂಜೆ ಹೋಗಿ ಕೇಳುವುದು ಬೇಡ.

ಟ್ರಸ್ಟಿನವರಿಗೂ ಷರತ್ತು ಇರಬಹುದು, ಬೇರೆ ಸ್ಕಾಲರ್‌ಶಿಪ್ ಇದ್ದವರಿಗೆ ಕೊಡುವುದಿಲ್ಲ ಅಂತ. ಆ ಕಡೆ ಕೇಂದ್ರದ ನಿಯಮವೂ ಅದನ್ನೇ ಹೇಳುತ್ತದೆ. ಅದಕ್ಕೇ ಪೋರ್ಟಲ್‌ನಲ್ಲಿ, ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿರುವುದನ್ನು ಟ್ರಸ್ಟಿನ ಫಾರಂನಲ್ಲಿ ಮುಚ್ಚಿಡಬೇಡಿ. ‘ಅರ್ಜಿ ಹಾಕಿದ್ದೇನೆ, ಇನ್ನೂ ಮಂಜೂರಾಗಿಲ್ಲ’ ಅಂತ ಬರೆಯಲಿ. ಎಲ್ಲವೂ ಸಿಕ್ಕರೆ ಒಂದನ್ನು ಆರಿಸಿಕೊಳ್ಳುತ್ತೀರಿ. ಆಗ ಬಿಟ್ಟುಕೊಟ್ಟ ಜಾಗ ಇನ್ನೊಂದು ಮಗುವಿಗೆ ಹೋಗುತ್ತದೆ, ಅದೂ ಒಳ್ಳೆಯದೇ ಅಲ್ವಾ.

ಪೋರ್ಟಲ್‌ಗೆ ತಿಂಗಳುಗಳ ಸಮಯ ಇರುತ್ತದೆ, ಟ್ರಸ್ಟಿನವರು ಕೊಡುವುದು ಕೆಲವೇ ದಿನ. ಹಾಗಾಗಿ ನಾಳೆ ಬೆಳಿಗ್ಗೆ ಮೊದಲು ಟ್ರಸ್ಟಿಗೆ ಹೆಸರು ಕಳಿಸಲು ಕೊನೆಯ ದಿನ ಯಾವಾಗ ಅಂತ ಕಾಲೇಜಿನ ಆಫೀಸಿನಲ್ಲಿ ಕೇಳಲಿ. ಆ ಒಂದು ಹಾಳೆಯನ್ನು ಇವತ್ತು ರಾತ್ರಿಯೇ ಬರೆದಿಟ್ಟುಕೊಂಡರೆ ಒಳ್ಳೆಯದು.